ಬೀಜಾಣು ಸಸ್ಯಗಳು: ಸಂತಾನೋತ್ಪತ್ತಿ ಮತ್ತು ಪ್ರಸಾರ

ಹೂವು, ಕಾಯಿ, ಬೀಜ ಯಾವುದೂ ಇಲ್ಲದೆ ಧೂಳಿನಷ್ಟು ಸಣ್ಣ ಬೀಜಾಣುಗಳಿಂದಲೇ ವಂಶ ಮುಂದುವರಿಸುವ ನೆಲಸಸ್ಯಗಳನ್ನು ಬೀಜಾಣು ಸಸ್ಯಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಎರಡು ದೊಡ್ಡ ಬಣಗಳಿವೆ. ನೀರು ಸಾಗಿಸುವ ನಾಳಗಳಿಲ್ಲದ ಹಾವಸೆ, ಲಿವರ್‌ವರ್ಟ್ ಮತ್ತು ಹಾರ್ನ್‌ವರ್ಟ್‌ಗಳು ಒಂದು ಬಣ; ಇವು ಒಟ್ಟು ಸುಮಾರು 20,000 ಪ್ರಭೇದ. ನಾಳಗಳಿರುವ ಜರೀಗಿಡಗಳು, ಅವುಗಳ ಹತ್ತಿರದ ನೆಂಟನಾದ ಈಕ್ವಿಸೀಟಮ್, ಕೊಂಚ ದೂರದ ಲೈಕೊಪೋಡಿಯಂ, ಸೆಲಾಜಿನೆಲ್ಲ, ಐಸೊಯಿಟಿಸ್‌ಗಳು ಇನ್ನೊಂದು ಬಣ. 2016ರಲ್ಲಿ ಜಗತ್ತಿನ ತಜ್ಞರು ಒಟ್ಟಾಗಿ ಮಾಡಿದ ವರ್ಗೀಕರಣದಲ್ಲಿ ಈ ಎರಡನೆಯ ಬಣದ ಪ್ರಭೇದಗಳ ಸಂಖ್ಯೆ 12,000ಕ್ಕೆ ತುಸು ಕಡಿಮೆ. ಅದರಲ್ಲಿ ಜರೀಗಿಡಗಳದೇ ಸಿಂಹಪಾಲು. ಅಣಬೆ, ಬೂಷ್ಟುಗಳೂ ಬೀಜಾಣು ಹಾರಿಸುತ್ತವೆ, ಆದರೆ ಅವು ಸಸ್ಯಗಳಲ್ಲ. ಅವುಗಳ ವಿಚಾರ ಇಲ್ಲಿ ಬರುವುದಿಲ್ಲ.

ಈ ಸಸ್ಯಗಳ ಬಾಳಿನಲ್ಲಿ ಎರಡು ಪ್ರಯಾಣಗಳಿವೆ. ಮೊದಲನೆಯದು ಬೀಜಾಣುವಿನದು: ಒಣ ಹವೆಯಲ್ಲಿ, ಗಾಳಿಯ ಮೇಲೆ, ಅದೃಷ್ಟವಿದ್ದರೆ ಕಡಲನ್ನೂ ದಾಟುವಂಥದ್ದು. ಎರಡನೆಯದು ವೀರ್ಯಾಣುವಿನದು: ಒದ್ದೆಯಲ್ಲಿ, ಈಜುತ್ತ, ಹೆಚ್ಚೆಂದರೆ ಕೆಲವು ಸೆಂಟಿಮೀಟರು. ಗಾಳಿಯ ಪ್ರಯಾಣಕ್ಕೆ ಬಿಸಿಲು ಬೇಕು, ನೀರಿನ ಪ್ರಯಾಣಕ್ಕೆ ಮಳೆ ಬೇಕು. ಯಾವ ಗಿಡ ಎಲ್ಲಿ ಬೆಳೆಯುತ್ತದೆ, ವರ್ಷದ ಯಾವ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ, ಅದರ ಬೀಜಾಣುಕೋಶದ ರಚನೆ ಹೀಗೇಕಿದೆ ಎಂಬ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಎರಡರ ಎಳೆದಾಟದಲ್ಲಿ ಸಿಗುತ್ತದೆ.

ಎರಡು ಪೀಳಿಗೆ, ಒಂದು ಬಾಳು

ಜರೀಗಿಡವೆಂದು ನಾವು ಗುರುತಿಸುವ, ಗರಿಯಂಥ ಎಲೆಯ ಗಿಡ ಆ ಸಸ್ಯದ ಅರ್ಧ ಬಾಳು ಮಾತ್ರ. ಇದು ಬೀಜಾಣು ಪೀಳಿಗೆ. ಇದರ ಜೀವಕೋಶಗಳಲ್ಲಿ ವರ್ಣತಂತುಗಳು ಜೋಡಿಯಾಗಿರುತ್ತವೆ. ಎಲೆಯ ಅಡಿಭಾಗದ ಬೀಜಾಣುಕೋಶಗಳಲ್ಲಿ ಮಿಯಾಸಿಸ್ ವಿಭಜನೆ ನಡೆದು, ವರ್ಣತಂತುಗಳ ಒಂದೊಂದೇ ಪ್ರತಿ ಇರುವ ಬೀಜಾಣುಗಳು ಹುಟ್ಟುತ್ತವೆ. ಇವು ನೆಲಕ್ಕೆ ಬಿದ್ದು ಮೊಳೆತಾಗ ಬರುವುದು ಜರೀಗಿಡವಲ್ಲ. ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಅಗಲದ, ಹೃದಯದಾಕಾರದ, ಬಹುಭಾಗ ಒಂದೇ ಪದರ ಜೀವಕೋಶದ ಹಸಿರು ಹಾಳೆ ಅದು. ಪ್ರೋಥ್ಯಾಲಸ್ ಎಂದು ಅದರ ಹೆಸರು. ಬೇರಿಲ್ಲ, ಕಾಂಡವಿಲ್ಲ, ಅಡಿಯ ಕೂದಲೆಳೆಗಳಿಂದ ಮಣ್ಣಿಗೆ ಅಂಟಿಕೊಂಡಿರುತ್ತದೆ. ಈ ಲಿಂಗಾಣು ಪೀಳಿಗೆಯೇ ಅಂಡಾಣು ಮತ್ತು ವೀರ್ಯಾಣುಗಳನ್ನು ಉತ್ಪಾದಿಸುವುದು. ಎರಡೂ ಕೂಡಿದಾಗ ಹುಟ್ಟುವ ಭ್ರೂಣ ಮತ್ತೆ ಜರೀಗಿಡವಾಗಿ ಬೆಳೆಯುತ್ತದೆ, ಹಾಳೆ ಒಣಗಿಹೋಗುತ್ತದೆ.

ಹಾವಸೆಗಳಲ್ಲಿ ಈ ಪಾತ್ರಗಳು ಅದಲುಬದಲು. ಮಳೆಗಾಲದ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಮಕಮಲ್ಲಿನ ಹಾಗೆ ಹಬ್ಬುವ ಹಾವಸೆಯೇ ಲಿಂಗಾಣು ಪೀಳಿಗೆ. ಅದರ ನೆತ್ತಿಯ ಮೇಲೆ ಎದ್ದು ನಿಲ್ಲುವ ಸಣ್ಣ ದಂಟು, ದಂಟಿನ ತುದಿಯ ಸಂಪುಟ, ಇಷ್ಟೇ ಬೀಜಾಣು ಪೀಳಿಗೆ. ಅದು ಕೊನೆಯವರೆಗೂ ತಾಯಿಗಿಡಕ್ಕೆ ಅಂಟಿಕೊಂಡು ಅದರಿಂದಲೇ ಉಣ್ಣುತ್ತದೆ. ಜರೀಗಿಡದಲ್ಲಾದರೋ ಎರಡು ಪೀಳಿಗೆಗಳೂ ಸ್ವತಂತ್ರ. ಇದು ಸಣ್ಣ ವ್ಯತ್ಯಾಸವಲ್ಲ, ಮುಂದೆ ಹೇಳುವ ಕೆಲವು ವಿಚಿತ್ರಗಳಿಗೆ ಇದೇ ಮೂಲ.

ಇಷ್ಟು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಹೂವೇ ಇಲ್ಲದ ಗಿಡಕ್ಕೆ ಬೀಜ ಎಲ್ಲಿಂದ ಬಂತು ಎಂಬುದು ಯೂರೋಪಿನವರಿಗೆ ಎಂಥ ಒಗಟಾಗಿತ್ತೆಂದರೆ, ಜರೀಗಿಡದ ಬೀಜ ಕಣ್ಣಿಗೆ ಕಾಣದು, ಅದನ್ನು ಇಟ್ಟುಕೊಂಡವರೂ ಕಾಣದಂತಾಗುತ್ತಾರೆ ಎಂಬ ನಂಬಿಕೆ ಅಲ್ಲಿ ಶತಮಾನಗಳ ಕಾಲ ಇತ್ತು. ಲಿನಿಯಸ್ ತನ್ನ 24 ವರ್ಗಗಳಲ್ಲಿ ಕೊನೆಯದಕ್ಕೆ ಇವನ್ನೆಲ್ಲ ತಳ್ಳಿ ಕೈತೊಳೆದುಕೊಂಡ. ಜಮೈಕಾದಲ್ಲಿ ವೈದ್ಯನಾಗಿದ್ದ ಜಾನ್ ಲಿಂಡ್ಸೆ ಎಲೆಯಡಿಯ ಕಂದುಪುಡಿಯನ್ನು ಬಿತ್ತಿ ಜರೀಗಿಡ ಬೆಳೆಸಿದ ವಿವರ 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಪ್ರೋಥ್ಯಾಲಸ್ಸಿನ ಮೇಲೆ ಗಂಡು ಹೆಣ್ಣು ಅಂಗಗಳೆರಡೂ ಇವೆಯೆಂದು 1848ರಲ್ಲಿ ಪೋಲೆಂಡಿನ ಲೆಶ್ಚಿಟ್ಸ್ ಸುಮಿನ್‌ಸ್ಕಿ ತೋರಿಸಿದ. ಇವೆಲ್ಲವನ್ನೂ ಒಂದೇ ಚೌಕಟ್ಟಿಗೆ ತಂದವನು ಲೈಪ್‌ಜಿಗ್ಗಿನ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಪುಸ್ತಕ ಹಾಗೂ ಸಂಗೀತ ಪ್ರಕಟಣೆಯ ಮನೆತನದ ವ್ಯಾಪಾರ ನೋಡಿಕೊಳ್ಳುತ್ತ, ವಿಶ್ವವಿದ್ಯಾಲಯದ ಪದವಿಯಿಲ್ಲದೆ, ತಾನಾಗಿಯೇ ಸೂಕ್ಷ್ಮದರ್ಶಕ ಬಳಸಲು ಕಲಿತ ಆತ 1851ರಲ್ಲಿ ಪ್ರಕಟಿಸಿದ ಗ್ರಂಥ, ಹಾವಸೆಯಿಂದ ಹಿಡಿದು ಪೈನ್ ಮರದವರೆಗೆ ಎಲ್ಲದರಲ್ಲೂ ಇದೇ ಎರಡು ಪೀಳಿಗೆಗಳ ಪರ್ಯಾಯ ನಡೆಯುತ್ತಿದೆಯೆಂದು ಸಾಧಿಸಿತು. ಡಾರ್ವಿನ್ನನ ಮುಖ್ಯ ಗ್ರಂಥಕ್ಕೆ ಇನ್ನೂ ಎಂಟು ವರ್ಷ ಬಾಕಿಯಿದ್ದ ಕಾಲ ಅದು. ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಒಂದೇ ಹೆಜ್ಜೆ ಹುಡುಕುವುದು ಕಷ್ಟ.

ಬೀಜಾಣುಕೋಶ ಎಂಬ ಕವಣೆ

ಬಲಿತ ಜರೀ ಎಲೆಯನ್ನು ಮಗುಚಿದರೆ ಕಂದು ಚುಕ್ಕೆಗಳೋ ಗೆರೆಗಳೋ ಸಾಲಾಗಿ ಕಾಣುತ್ತವೆ. ರೋಗವೆಂದು ತಿಳಿದು ಕುಂಡದ ಗಿಡದ ಎಲೆ ಕತ್ತರಿಸಿ ಎಸೆಯುವವರುಂಟು. ಒಂದೊಂದು ಚುಕ್ಕೆಯೂ ಹತ್ತಾರು ಬೀಜಾಣುಕೋಶಗಳ ಗುಂಪು, ಸೋರಸ್. ಕೆಲವು ಜಾತಿಗಳಲ್ಲಿ ಅದರ ಮೇಲೆ ತೆಳುಪೊರೆಯ ಮುಚ್ಚಳವಿದ್ದರೆ, ಇನ್ನು ಕೆಲವದರಲ್ಲಿ ಎಲೆಯ ಅಂಚೇ ಮಡಚಿಕೊಂಡು ಮುಚ್ಚಳವಾಗುತ್ತದೆ. ಸೋರಸ್ಸಿನ ಆಕಾರ ಮತ್ತು ಜಾಗವನ್ನು ನೋಡಿಯೇ ತಜ್ಞರು ಗಿಡದ ಕುಲ ಹೇಳುತ್ತಾರೆ.

ಒಂದು ಬೀಜಾಣುಕೋಶ ಮಿಲಿಮೀಟರಿನ ಕಾಲುಭಾಗದಷ್ಟು ದೊಡ್ಡದು. ಸಾಮಾನ್ಯ ಜರೀಗಿಡದಲ್ಲಿ ಒಳಗೆ 16 ತಾಯಿಕೋಶಗಳು ವಿಭಜನೆಗೊಂಡು 64 ಬೀಜಾಣುಗಳಾಗುತ್ತವೆ. ಕೋಶದ ಬೆನ್ನಿನ ಮೇಲೆ ಮುಕ್ಕಾಲು ಸುತ್ತು ಬರುವ ಒಂದು ಉಂಗುರಪಟ್ಟಿ ಇದೆ. ಹನ್ನೆರಡು ಹದಿಮೂರು ಸತ್ತ ಜೀವಕೋಶಗಳ ಸಾಲು ಅದು. ಒಳಗೋಡೆ, ಅಡ್ಡಗೋಡೆಗಳು ದಪ್ಪ, ಹೊರಗೋಡೆ ಮಾತ್ರ ತೆಳು, ಒಳಗೆಲ್ಲ ನೀರು. ಬಿಸಿಲೇರಿ ಗಾಳಿ ಒಣಗಿದಂತೆ ತೆಳುಗೋಡೆಯ ಮೂಲಕ ನೀರು ಆರತೊಡಗುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಡದೆ ಗೋಡೆಗಳನ್ನು ಒಳಕ್ಕೆ ಸೆಳೆಯುತ್ತವೆ. ದಪ್ಪ ಅಡ್ಡಗೋಡೆಗಳ ಹೊರತುದಿಗಳು ಹತ್ತಿರ ಹತ್ತಿರ ಬರುತ್ತವೆ. ಬಾಗಿದ್ದ ಪಟ್ಟಿ ನೆಟ್ಟಗಾಗಿ, ಆಮೇಲೆ ಹಿಂದಕ್ಕೆ ಬಾಗುತ್ತದೆ, ಕೋಶ ಬಿರಿಯುತ್ತದೆ, ಬೀಜಾಣುಗಳನ್ನು ಹೊತ್ತ ಮೇಲಿನ ಅರ್ಧ ಕವಣೆಯ ತೋಳಿನ ಹಾಗೆ ಹಿಂದಕ್ಕೆ ಸರಿದು ನಿಲ್ಲುತ್ತದೆ.

ನೀರಿನ ಸೆಳೆತ ವಾತಾವರಣದ ಒತ್ತಡದ ನೂರರಷ್ಟರ ಸುಮಾರಿಗೆ ಬಂದಾಗ ಜೀವಕೋಶಗಳೊಳಗೆ ಗುಳ್ಳೆಗಳು ಒಡೆಯುತ್ತವೆ, ಹಿಡಿತ ತಪ್ಪುತ್ತದೆ, ತೋಳು ಮುಂದಕ್ಕೆ ಚಿಮ್ಮುತ್ತದೆ. ಬೀಜಾಣುಗಳು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಹಾರುತ್ತವೆ. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಮನುಷ್ಯ ಮಾಡುವ ಕವಣೆಯಂತ್ರದಲ್ಲಿ ತೋಳು ನಡುದಾರಿಯಲ್ಲಿ ನಿಲ್ಲಲು ಒಂದು ಅಡ್ಡಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಕಲ್ಲು ನೆಲಕ್ಕೆ ಬಡಿಯುತ್ತದೆ. ಜರೀಗಿಡದಲ್ಲಿ ಅಡ್ಡಪಟ್ಟಿ ಇಲ್ಲ. ಆದರೂ ತೋಳು ಕೆಲವು ಹತ್ತು ಮೈಕ್ರೋಸೆಕೆಂಡುಗಳಲ್ಲಿ ಒಂದಿಷ್ಟು ದೂರ ಚಿಮ್ಮಿ ತಟ್ಟನೆ ತಡೆದು, ಉಳಿದ ದಾರಿಯನ್ನು ನಿಧಾನವಾಗಿ ಮುಗಿಸುತ್ತದೆ. ಪಟ್ಟಿಯ ಗೋಡೆಗಳ ಸೂಕ್ಷ್ಮರಂಧ್ರಗಳಲ್ಲಿ ನೀರು ಹರಿಯುವಾಗ ಉಂಟಾಗುವ ತಡೆಯೇ ಇಲ್ಲಿ ಅಡ್ಡಪಟ್ಟಿಯ ಕೆಲಸ ಮಾಡುತ್ತದೆ. ಫ್ರಾನ್ಸಿನ ಸೇವಿಯೆ ನೊಬ್ಲಾಂ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದು 2012ರಲ್ಲಿ ವಿವರಿಸಿದರು. ಕವಣೆಯಾಟವನ್ನು ನೋಡಲು ಮಾತ್ರ ಅಂಥ ಕ್ಯಾಮೆರಾ ಬೇಡ. ಬಲಿತ ಎಲೆಯ ತುಣುಕನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಮೇಲಿಂದ ಬಲ್ಬಿನ ಬಿಸಿ ತಾಗಿಸಿದರೆ ಸಾಕು, ಕೋಶಗಳು ಒಂದಾದ ಮೇಲೊಂದು ಮೆಲ್ಲಗೆ ಬಾಯ್ತೆರೆದು ರಪ್ಪನೆ ಮುಚ್ಚುತ್ತವೆ, ಹಳದಿ ಕಣಗಳು ದೃಷ್ಟಿಯ ವಲಯದಿಂದಲೇ ಹಾರಿಹೋಗುತ್ತವೆ.

ಕವಣೆ ಎಸೆಯುವುದು ಕೆಲವು ಸೆಂಟಿಮೀಟರು ಮಾತ್ರ. ಅಷ್ಟು ಸಣ್ಣ ಕಣವನ್ನು ಗಾಳಿಯ ಘರ್ಷಣೆ ಕೂಡಲೇ ನಿಲ್ಲಿಸಿಬಿಡುತ್ತದೆ. ಎಲೆಯ ಮೈಗೆ ಅಂಟಿಕೊಂಡಂತಿರುವ ನಿಶ್ಚಲ ಗಾಳಿಯ ಪದರವನ್ನು ದಾಟಿಸಿ ಬೀಸುಗಾಳಿಗೆ ಒಪ್ಪಿಸುವುದಷ್ಟೇ ಅದರ ಉದ್ದೇಶ. ಕೆಲಸ ನಡೆಯುವುದು ಒಣ ಹವೆಯಲ್ಲಿ ಮಾತ್ರ; ಮಳೆ ಸುರಿಯುವಾಗ ಹಾರಿಸಿದ ಬೀಜಾಣು ಅಲ್ಲೇ ಬುಡಕ್ಕೆ ತೊಳೆದುಹೋಗುತ್ತದೆ.

ಒದ್ದೆ ದಾರಿ

ನೆಲಕ್ಕಿಳಿದ ಬೀಜಾಣು ಮೊಳೆಯಲು ಸಾಮಾನ್ಯವಾಗಿ ಒದ್ದೆಯ ಜೊತೆಗೆ ಬೆಳಕೂ ಬೇಕು. ಮಣ್ಣಿನಲ್ಲಿ ಹೂತುಹೋದವು ಮೊಳೆಯದೆ ಉಳಿದು, ಯಾವಾಗಲೋ ಮಣ್ಣು ಕೆದರಿದಾಗ ಎಚ್ಚೆತ್ತುಕೊಳ್ಳುತ್ತವೆ. ಧರೆ ಕುಸಿದ ಜಾಗದಲ್ಲಿ, ರಸ್ತೆ ಕಡಿದ ಮಣ್ಣಿನಲ್ಲಿ ಒಂದೇ ಮಳೆಗಾಲಕ್ಕೆ ಜರೀಗಿಡ ತುಂಬಿಕೊಳ್ಳುವುದಕ್ಕೆ ಗಾಳಿಯ ಜೊತೆ ಈ ಮಣ್ಣಿನ ದಾಸ್ತಾನೂ ಕಾರಣ.

ಪ್ರೋಥ್ಯಾಲಸ್ಸಿನ ಅಡಿಯಲ್ಲಿ, ಕೂದಲೆಳೆಗಳ ನಡುವೆ ಉಬ್ಬು ಗುಳ್ಳೆಯಂತಿರುವುವು ಗಂಡು ಅಂಗಗಳು. ಹೃದಯದ ಕೊರಕಲಿನ ಹತ್ತಿರ ಕುತ್ತಿಗೆ ಚಾಚಿರುವ ಹೂಜಿಗಳು ಹೆಣ್ಣು ಅಂಗಗಳು. ಮಳೆಹನಿಯೋ ಇಬ್ಬನಿಯೋ ತಾಗಿದಾಗ ಗಂಡು ಅಂಗ ಒಡೆದು ಸುರುಳಿಯಾಕಾರದ ವೀರ್ಯಾಣುಗಳು ಹೊರಬರುತ್ತವೆ. ಒಂದೊಂದಕ್ಕೂ ಹತ್ತಾರು ಚಾವಟಿಗಳು. ಹಾವಸೆಯ ವೀರ್ಯಾಣುವಿಗೆ ಎರಡೇ. ಮ್ಯಾಲಿಕ್ ಆಮ್ಲ ಇರುವ ಕಡೆಗೆ ಜರೀಗಿಡದ ವೀರ್ಯಾಣುಗಳು ಈಜುತ್ತವೆಯೆಂದು ಜರ್ಮನಿಯ ವಿಲ್ಹೆಲ್ಮ್ ಫೆಫರ್ 1884ರಲ್ಲಿ ತೋರಿಸಿದ. ಹುಳಿಸೇಬಿನಲ್ಲಿರುವ ಆಮ್ಲವೇ ಅದು.

ಒಂದೇ ಹಾಳೆಯಲ್ಲಿ ಗಂಡು ಹೆಣ್ಣು ಎರಡೂ ಇದ್ದರೆ ತನ್ನ ವೀರ್ಯಾಣು ತನ್ನ ಅಂಡಾಣುವನ್ನೇ ಸೇರುವ ಸಾಧ್ಯತೆ ಇದೆ. ಹಾಗಾದಾಗ ಹುಟ್ಟುವ ಗಿಡದ ಎರಡೂ ವರ್ಣತಂತು ಪ್ರತಿಗಳು ಪೂರ್ತಿ ಒಂದೇ. ಹೂಗಿಡದ ಸ್ವಕೀಯ ಪರಾಗಸ್ಪರ್ಶದಲ್ಲೂ ಒಂದೇ ಸಲಕ್ಕೆ ಇಷ್ಟೊಂದು ಏಕರೂಪತೆ ಬರುವುದಿಲ್ಲ. ಅಡಗಿದ ದೋಷಗಳೆಲ್ಲ ಒಮ್ಮೆಗೇ ಬಯಲಾಗುತ್ತವೆ. ಇದನ್ನು ತಪ್ಪಿಸಲು ಅನೇಕ ಜರೀಗಿಡಗಳು ಒಂದು ಉಪಾಯ ಮಾಡಿಕೊಂಡಿವೆ. ಮೊದಲು ಮೊಳೆತ ಹಾಳೆ ಬಲಿತು ಹೆಣ್ಣು ಅಂಗ ಹೊತ್ತಾಗ ಸುತ್ತಲಿನ ನೀರಿಗೆ ಒಂದು ಹಾರ್ಮೋನು ಬಿಡುತ್ತದೆ. ತಡವಾಗಿ ಮೊಳೆತ ನೆರೆಯ ಎಳೆಯ ಹಾಳೆಗಳಿಗೆ ಅದು ತಾಗಿದರೆ ಅವು ಸಣ್ಣದಾಗೇ ಉಳಿದು ಬರೀ ಗಂಡಾಗುತ್ತವೆ. ಬ್ರಾಕನ್ ಜರೀಗಿಡದಲ್ಲಿ ಇದನ್ನು 1950ರಲ್ಲಿ ಜರ್ಮನಿಯ ವಾಲ್ಟರ್ ಡ್ಯೋಪ್ ಕಂಡುಕೊಂಡ. ಲೈಗೋಡಿಯಂ ಬಳ್ಳಿಜರಿಯ ಕಥೆ ಇನ್ನೂ ಸೊಗಸು: ಬಲಿತ ಹಾಳೆ ಬಿಡುವುದು ಅರೆತಯಾರಿಯ ಹಾರ್ಮೋನನ್ನು, ಅದನ್ನು ಹೀರಿಕೊಂಡ ಎಳೆಯದು ತನ್ನೊಳಗೆ ಕೊನೆಯ ಹಂತದ ಮಾರ್ಪಾಡು ಮಾಡಿ ತನ್ನನ್ನು ತಾನೇ ಗಂಡಾಗಿಸಿಕೊಳ್ಳುತ್ತದೆ. ಜಪಾನಿನ ವಿಜ್ಞಾನಿಗಳು 2014ರಲ್ಲಿ ಇದನ್ನು ಬಿಡಿಸಿ ಹೇಳಿದರು. ಅಂದರೆ ಇಲ್ಲಿ ಲಿಂಗವನ್ನು ನಿರ್ಧರಿಸುವುದು ವರ್ಣತಂತುವಲ್ಲ, ನೆರೆಹೊರೆ.

ಆದರೆ ನೆರೆಯೇ ಇಲ್ಲದ ಕಡೆ, ಒಂಟಿ ಬೀಜಾಣು ಬಿದ್ದಾಗ? ಆಗ ಸ್ವಂತ ಕೂಡಿಕೆಯೇ ವರ. ಆಫ್ರಿಕ ಏಷ್ಯಗಳ ಉಷ್ಣವಲಯದ ಲೈಗೋಡಿಯಂ ಮೈಕ್ರೋಫಿಲಂ ಅಮೆರಿಕದ ಫ್ಲಾರಿಡಾ ಜೌಗುಗಳಲ್ಲಿ ಮರಗಳನ್ನೇ ಮುಚ್ಚುವ ಕಳೆಯಾದದ್ದು ಹೀಗೆ. ಒಂದು ಬೀಜಾಣು ತಲುಪಿದರೂ ಅಲ್ಲೊಂದು ಕಾಲೊನಿ ಶುರುವಾಗಬಲ್ಲದು.

ಕೂಡಿಕೆಯನ್ನೇ ಕೈಬಿಟ್ಟ ಜಾತಿಗಳೂ ಇವೆ. ಪ್ಟೆರಿಸ್ ಕ್ರೆಟಿಕದ ಪ್ರೋಥ್ಯಾಲಸ್ಸಿನಿಂದ ಅಂಡಾಣು ವೀರ್ಯಾಣುಗಳ ಗೊಡವೆಯಿಲ್ಲದೆ ನೇರವಾಗಿ ಎಳೆಗಿಡ ಮೊಳೆಯುವುದನ್ನು ಅಮೆರಿಕದ ವಿಲಿಯಂ ಫಾರ್ಲೋ 1874ರಲ್ಲಿ ಕಂಡ. ಇಂಥವುಗಳಲ್ಲಿ ಬೀಜಾಣುವೂ ವರ್ಣತಂತುಗಳ ಪೂರ್ತಿ ಸಂಖ್ಯೆಯನ್ನೇ ಹೊತ್ತಿರುತ್ತದೆ. ಕೋಶದಲ್ಲಿ 64ರ ಬದಲು ಸಾಮಾನ್ಯವಾಗಿ 32 ಬೀಜಾಣುಗಳಿದ್ದರೆ ಸಂಶೋಧಕರು ಇದನ್ನು ಶಂಕಿಸುತ್ತಾರೆ. ಒದ್ದೆ ದಾರಿಯನ್ನು ಪೂರ್ತಿ ತಪ್ಪಿಸಿಕೊಂಡ ಇವು ಒಣ ಬಂಡೆ, ಗೋಡೆಯ ಬಿರುಕುಗಳಲ್ಲಿ ಹೆಚ್ಚು ಕಾಣುವುದು ಆಶ್ಚರ್ಯವಲ್ಲ.

ಹಾವಸೆಗಳು ಮತ್ತು ಇತರರು

ಹಾವಸೆಯ ವೀರ್ಯಾಣು ತಾನಾಗಿ ಕೆಲವೇ ಸೆಂಟಿಮೀಟರು ಈಜಬಲ್ಲದು. ಹಾಗಾಗಿ ಪಾಲಿಟ್ರೈಕಂನಂಥ ಹಾವಸೆಗಳ ಗಂಡುಗಿಡದ ತುದಿ ಬಟ್ಟಲಿನಂತೆ ಅರಳಿದೆ. ಮಳೆಹನಿ ಅದರೊಳಗೆ ಬಿದ್ದಾಗ ವೀರ್ಯಾಣು ತುಂಬಿದ ತುಂತುರು ಪಕ್ಕದ ಗಿಡಗಳ ಮೇಲೆ ಸಿಡಿಯುತ್ತದೆ. ಇನ್ನೊಂದು ದಾರಿಯೂ ಇದೆಯೆಂದು 2006ರಲ್ಲಿ ಸ್ವೀಡನ್ನಿನ ನಿಲ್ಸ್ ಕ್ರೋನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದರು. ಗಂಡು ಹೆಣ್ಣು ಗಿಡಗಳ ನಡುವೆ ಒಣ ಜಾಗ ಬಿಟ್ಟು, ಸ್ಪ್ರಿಂಗ್‌ಟೇಲ್ ಮತ್ತು ನುಸಿಗಳನ್ನು ಓಡಾಡಲು ಬಿಟ್ಟಾಗ ಮಾತ್ರ ಹೆಣ್ಣುಗಿಡ ಫಲಿಸಿತು. ಹೂವು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಕೀಟಗಳಂಥ ಜೀವಿಗಳು ದೂತರಾಗಿದ್ದಿರಬಹುದು.

ಬೀಜಾಣು ಬಿಡುವ ಬಗೆ ಒಂದೊಂದಕ್ಕೂ ಬೇರೆ. ಕಾಡು ಸುಟ್ಟ ಜಾಗದಲ್ಲಿ ಬೇಗ ಬರುವ ಫ್ಯುನೇರಿಯದ ಸಂಪುಟದ ಬಾಯಿಗೆ ಎರಡು ಸುತ್ತು ಹಲ್ಲುಗಳಿವೆ. ಹವೆಯ ತೇವಕ್ಕೆ ತಕ್ಕಂತೆ ಅವು ಬಾಗಿ ನೆಟ್ಟಗಾಗಿ ಬೀಜಾಣುಗಳನ್ನು ಸ್ವಲ್ಪ ಸ್ವಲ್ಪವೇ ಹೊರಹಾಕುತ್ತವೆ. ಉತ್ತರದ ತಂಪು ಜೌಗುನೆಲಗಳ ಸ್ಫ್ಯಾಗ್ನಂ ತದ್ವಿರುದ್ಧ. ಬಿಸಿಲಿಗೆ ಅದರ ದುಂಡು ಸಂಪುಟ ಸೊರಗಿ ಕೊಳವೆಯಾಗುತ್ತದೆ, ಒಳಗಿನ ಒತ್ತಡ ಏರಿ ಮುಚ್ಚಳ ಹಾರುತ್ತದೆ, ಬೀಜಾಣುಗಳು ಹೊಗೆಯುಂಗುರದಂಥ ಗಾಳಿಯ ಸುಳಿಯೊಳಗೆ ಕೂತು ಹತ್ತು ಸೆಂಟಿಮೀಟರಿಗೂ ಮೇಲೆ ಏರುತ್ತವೆ. ನೆಲಕ್ಕೆ ಅಂಟಿದ ಗಿಡಕ್ಕೆ ಅಷ್ಟು ಎತ್ತರ ಬೇಕೇಬೇಕು. ಬೀಸುಗಾಳಿ ಶುರುವಾಗುವುದೇ ಅಲ್ಲಿಂದ. ಸ್ಪ್ಲಾಕ್ನಂ ಬಳಗದವು ಇನ್ನೂ ಜಾಣ. ಸಗಣಿಯ ಮೇಲೆ ಬೆಳೆಯುವ ಇವು ಕೊಳೆತ ವಾಸನೆ ಬೀರಿ ನೊಣಗಳನ್ನು ಕರೆಯುತ್ತವೆ, ಅಂಟು ಬೀಜಾಣುಗಳನ್ನು ಅವುಗಳ ಕಾಲಿಗೆ ಮೆತ್ತಿ ಇನ್ನೊಂದು ಸಗಣಿಗೆ ಕಳಿಸುತ್ತವೆ.

ಈಕ್ವಿಸೀಟಮ್ ಬೀಜಾಣುವಿಗೆ ನಾಲ್ಕು ಪಟ್ಟಿಗಳು ಅಂಟಿಕೊಂಡಿವೆ. ತೇವದಲ್ಲಿ ಅವು ಮೈಸುತ್ತಿಕೊಂಡು, ಒಣಗಿದಾಗ ಬಿಚ್ಚಿಕೊಳ್ಳುತ್ತವೆ. ಹೀಗೆ ಮತ್ತೆ ಮತ್ತೆ ಆದಾಗ ಬೀಜಾಣು ನೆಲದ ಮೇಲೆ ತೆವಳುತ್ತದೆ, ಕೆಲವೊಮ್ಮೆ ಜಿಗಿದು ಗಾಳಿಗೆ ಸಿಗುತ್ತದೆ. ಲೈಕೊಪೋಡಿಯಂನ ಬೀಜಾಣುಪುಡಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿಗೆ ತೂರಿ ಕಿಡಿ ತಾಗಿಸಿದರೆ ಭಗ್ಗನೆ ಹೊತ್ತಿಕೊಳ್ಳುವುದರಿಂದ ಯೂರೋಪಿನ ನಾಟಕರಂಗದಲ್ಲಿ ಮಿಂಚು ತೋರಿಸಲು ಅದನ್ನು ಬಳಸುತ್ತಿದ್ದರು. ಛಾಯಾಗ್ರಹಣದ ಆದ್ಯನಾದ ನಿಯೆಪ್ಸ್ ತನ್ನ ಅಣ್ಣನ ಜೊತೆ ಸೇರಿ 1807ರಲ್ಲಿ ಪೇಟೆಂಟ್ ಪಡೆದ ದೋಣಿ ಎಂಜಿನ್ನಿನ ಇಂಧನದಲ್ಲೂ ಈ ಪುಡಿಯಿತ್ತು. ಇದೇ ಗಿಡದ ಲಿಂಗಾಣು ಪೀಳಿಗೆ ಮಾತ್ರ ಯಾರ ಕಣ್ಣಿಗೂ ಸುಲಭಕ್ಕೆ ಬೀಳದು. ಎಷ್ಟೋ ಜಾತಿಗಳಲ್ಲಿ ಅದು ನೆಲದೊಳಗೆ, ಹಸಿರೇ ಇಲ್ಲದೆ, ಶಿಲೀಂಧ್ರದ ಸಹಾಯದಿಂದ ವರ್ಷಗಟ್ಟಲೆ ಬದುಕುತ್ತದೆ.

ಗಂಡು ಬೀಜಾಣು, ಹೆಣ್ಣು ಬೀಜಾಣು

ಸೆಲಾಜಿನೆಲ್ಲ, ಐಸೊಯಿಟಿಸ್ ಮತ್ತು ನೀರಿನ ಜರೀಗಿಡಗಳಲ್ಲಿ ಬೀಜಾಣುಗಳೇ ಎರಡು ಅಳತೆಯವು. ದೊಡ್ಡದರಿಂದ ಹೆಣ್ಣು, ಸಣ್ಣದರಿಂದ ಗಂಡು. ಸೆಲಾಜಿನೆಲ್ಲದ ಹೆಣ್ಣುಕೋಶದಲ್ಲಿ ಸಾಮಾನ್ಯವಾಗಿ ನಾಲ್ಕೇ ಬೀಜಾಣುಗಳು, ಒಂದೊಂದರಲ್ಲೂ ಭ್ರೂಣಕ್ಕೆ ಬೇಕಾದ ಬುತ್ತಿ. ಲಿಂಗಾಣು ಪೀಳಿಗೆ ಹೊರಗೆ ಬಂದು ಹಾಳೆಯಾಗಿ ಹರಡುವುದಿಲ್ಲ, ಬೀಜಾಣುವಿನ ಗೋಡೆಯೊಳಗೇ ಬೆಳೆಯುತ್ತದೆ. ಹೆಣ್ಣು ಬೀಜಾಣುವನ್ನು ತಾಯಿಗಿಡ ಉದುರಿಸದೆ ತನ್ನಲ್ಲೇ ಇಟ್ಟುಕೊಂಡು ಸುತ್ತ ಕವಚ ಕಟ್ಟಿದರೆ ಅದು ಬೀಜವಾಗುವ ದಾರಿ. ಸೈಕಸ್ ಮತ್ತು ಗಿಂಕೊ ಬೀಜ ಬಿಡುವ ಮರಗಳೇ ಆದರೂ ಅವುಗಳ ವೀರ್ಯಾಣು ಇಂದಿಗೂ ಚಾವಟಿ ಬೀಸಿ ಈಜುತ್ತದೆ.

ಕೆರೆಯಂಚಿನಲ್ಲಿ, ಗದ್ದೆಯಲ್ಲಿ ನಾಲ್ಕು ದಳದ ಎಲೆ ಚಾಚುವ ಮಾರ್ಸೀಲಿಯ ತನ್ನ ಬೀಜಾಣುಕೋಶಗಳನ್ನು ಹುರುಳಿಕಾಳಿನಷ್ಟು ಗಟ್ಟಿ ಪೆಟ್ಟಿಗೆಯಲ್ಲಿಡುತ್ತದೆ. ಕೆರೆ ಬತ್ತಿ ನೆಲ ಬಿರಿದರೂ ಅದಕ್ಕೆ ಏನೂ ಆಗುವುದಿಲ್ಲ. ಸಸ್ಯಸಂಗ್ರಹಾಲಯದಲ್ಲಿ ನೂರು ವರ್ಷದ ಹತ್ತಿರ ಒಣಗಿದ್ದ ಪೆಟ್ಟಿಗೆಗಳಿಂದಲೂ ಜೀವಂತ ಬೀಜಾಣುಗಳು ಹೊರಬಂದಿವೆ. ಚಿಪ್ಪಿನ ಒಂದು ಕಡೆ ಚೂರು ಕೆತ್ತಿ ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಪೆಟ್ಟಿಗೆ ಬಿರಿದು, ಲೋಳೆಯ ದಾರವೊಂದು ಬೀಜಾಣುಕೋಶಗಳ ಗೊಂಚಲುಗಳನ್ನು ಹೊತ್ತು ಹೊರಗೆ ಜಾರುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬರದ ದೃಶ್ಯ. ಹಸುಗಳ ಮೇವಿಗೆಂದು ನಮ್ಮ ರೈತರು ತೊಟ್ಟಿಗಳಲ್ಲಿ ಬೆಳೆಸುವ ಅಜೋಲ್ಲದ ವಿಶೇಷವೇ ಬೇರೆ. ಅದರ ಎಲೆಯೊಳಗೆ ಸಾರಜನಕ ಹಿಡಿಯುವ ನೀಲಿಹಸಿರು ಸೂಕ್ಷ್ಮಾಣು ವಾಸಿಸುತ್ತದೆ. ಹೆಣ್ಣು ಬೀಜಾಣು ತಯಾರಾಗುವಾಗ ಅದರ ಕವಚದೊಳಗೆ ಈ ಬಾಡಿಗೆದಾರರದೊಂದು ತಂಡವೂ ಸೇರಿಕೊಂಡು ಮುಂದಿನ ಪೀಳಿಗೆಗೆ ಸಾಗುತ್ತದೆ.

ಬೀಜಾಣುವಿನ ಹಂಗಿಲ್ಲದೆ

ಬ್ರೆಜಿಲ್ ಮೂಲದ ಸಾಲ್ವಿನಿಯ ಮೊಲೆಸ್ಟದ ಬೀಜಾಣುಗಳು ಬಂಜೆ. ಆದರೆ ತುಂಡಾದ ಪ್ರತಿ ಚೂರೂ ಗಿಡವಾಗುತ್ತದೆ, ಅನುಕೂಲ ಸಿಕ್ಕರೆ ಕೆಲವೇ ದಿನಗಳಲ್ಲಿ ಇಮ್ಮಡಿಸುತ್ತದೆ. ಆಫ್ರಿಕದ ಕರಿಬಾ ಜಲಾಶಯ ತುಂಬತೊಡಗಿದ ಕೆಲವೇ ವರ್ಷಗಳಲ್ಲಿ, 1962ರ ಹೊತ್ತಿಗೆ, ಸುಮಾರು 1,000 ಚದರ ಕಿಲೋಮೀಟರ್ ನೀರನ್ನು ಇದು ಮುಚ್ಚಿತ್ತು. ಕೇರಳದ ಹಿನ್ನೀರು, ಗದ್ದೆಗಳಲ್ಲಿ ಆಫ್ರಿಕನ್ ಪಾಯಲ್ ಎಂಬ ಹೆಸರಿನಲ್ಲಿ ದೋಣಿಸಂಚಾರವನ್ನೇ ನಿಲ್ಲಿಸಿದ್ದು ಇದೇ. ಇದನ್ನು ತಿನ್ನುವ ಸಿರ್ಟೊಬ್ಯಾಗಸ್ ಎಂಬ ಮೂತಿಹುಳುವನ್ನು ಆಸ್ಟ್ರೇಲಿಯದಿಂದ ತರಿಸಿ, 1983-84ರಲ್ಲಿ ಮೊದಲು ಪ್ರಯೋಗಕ್ಕೆ ಬಿಟ್ಟಿದ್ದು ಬೆಂಗಳೂರಿನ ಒಂದು ತಾವರೆಕೊಳಕ್ಕೆ. ವರ್ಷದೊಳಗೆ ಕೊಳ ತಿಳಿಯಾಯಿತು. ಆಮೇಲೆ ಕೇರಳದಲ್ಲೂ ಹುಳು ಗೆದ್ದಿತು. ಇಡೀ ಕಳೆ ತಳಿಯಲ್ಲಿ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಹುಳುವಿಗೆ ಎಲ್ಲೆಡೆ ಒಂದೇ ಊಟ. ತುಂಡಿನಿಂದ ಹರಡುವ ಬಾಳಿನ ದುರ್ಬಲತೆ ಇದು.

ಮಲೆನಾಡಿನ ಧರೆಗಳಲ್ಲಿ ಸಾಮಾನ್ಯವಾದ ಅಡಿಯಾಂಟಮ್ ಕಾಡೇಟಂ ಎಲೆಯ ತುದಿಯನ್ನು ಬಾಲದಂತೆ ಚಾಚಿ, ಮಣ್ಣು ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಮಾರ್ಕಾಂಶಿಯ ಎಂಬ ಲಿವರ್‌ವರ್ಟ್ ತನ್ನ ಮೈಮೇಲಿನ ಬಟ್ಟಲುಗಳಲ್ಲಿ ಹಸಿರು ಬಿಲ್ಲೆಗಳನ್ನಿಟ್ಟು ಮಳೆಹನಿಗೆ ಎರಚಲು ಬಿಡುತ್ತದೆ. ಎಲ್ಲಕ್ಕಿಂತ ವಿಚಿತ್ರ ಅಮೆರಿಕದ ಅಪಲೇಶಿಯನ್ ಬೆಟ್ಟಗಳ ವಿಟ್ಟೇರಿಯ. ಅಲ್ಲಿನ ಬಂಡೆಗವಿಗಳಲ್ಲಿ ಅದರ ಲಿಂಗಾಣು ಪೀಳಿಗೆ ಮಾತ್ರ ಇದೆ. ಬಲಿತ ಜರೀಗಿಡವಾಗಿ ಅದು ಬೆಳೆಯುವುದೇ ಇಲ್ಲ, ಹಾಳೆಯ ಅಂಚಿನ ಮೊಗ್ಗುಗಳು ಉದುರಿ ಅಲ್ಲಲ್ಲೇ ಹರಡುತ್ತದೆ. ಕಳೆದ ಹಿಮಯುಗದ ಹಿಮ ಎಲ್ಲಿಯವರೆಗೆ ಬಂದಿತ್ತೋ ಅದರಾಚೆಗೆ, ಜಾಗ ಅನುಕೂಲವಾಗಿದ್ದರೂ, ಅದು ದಾಟಿಲ್ಲ. ಬೀಜಾಣು ಕಳೆದುಕೊಂಡ ಗಿಡ ಎಷ್ಟು ನಿಧಾನ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಾಳಿಯ ದಾರಿ

ಜರೀಗಿಡದ ಬೀಜಾಣು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ 30ರಿಂದ 50 ಭಾಗದಷ್ಟು ದಪ್ಪ. ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಂತೆ ಇಳಿಯುತ್ತದೆ. ಸ್ಪೋರೋಪೊಲೆನಿನ್ ಎಂಬ ಅತಿ ಗಟ್ಟಿ ವಸ್ತುವಿನ ಗೋಡೆ ಅದನ್ನು ಬಿಸಿಲು, ಚಳಿಗಳಿಂದ ಕಾಯುತ್ತದೆ. ಹಾಗೆಂದು ಎಲ್ಲವೂ ದೂರ ಹೋಗುತ್ತವೆಯೆಂದಲ್ಲ. ಬಹುಪಾಲು ತಾಯಿಗಿಡದಿಂದ ಕೆಲವು ಮೀಟರಿನೊಳಗೇ ಬೀಳುತ್ತವೆ. ಒಂದು ಗಿಡ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಹಾರಿಸುವಾಗ ಉಳಿದ ಅತ್ಯಲ್ಪ ಪಾಲೂ ದೊಡ್ಡ ಸಂಖ್ಯೆಯೇ.

1883ರ ಆಗಸ್ಟಿನಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದು ದ್ವೀಪದ ಉಳಿದ ತುಂಡು ಬಿಸಿ ಬೂದಿಯಡಿ ಹೂತುಹೋಯಿತು. ಜಾವಾ ಮತ್ತು ಸುಮಾತ್ರ ತೀರಗಳಿಂದ ಅದು ಸುಮಾರು 40 ಕಿಲೋಮೀಟರ್ ದೂರ. 1886ರಲ್ಲಿ ಜಾವಾದ ಬಾಯ್ಟೆನ್‌ಜೋರ್ಗ್ ಸಸ್ಯೋದ್ಯಾನದ ನಿರ್ದೇಶಕ ಮೆಲ್ಖಿಯೊರ್ ಟ್ರಯ್ಬ್ ಅಲ್ಲಿಗೆ ಹೋದಾಗ ಬೂದಿಯ ಮೇಲೆ ನೀಲಿಹಸಿರು ಸೂಕ್ಷ್ಮಾಣುಗಳ ಲೋಳೆಪದರ, ಅದರ ಮೇಲೆ 11 ಬಗೆಯ ಜರೀಗಿಡಗಳು ಕಂಡವು. ಒಳನಾಡಿನಲ್ಲಂತೂ ಅವುಗಳದೇ ರಾಜ್ಯ. ಆ ಪಟ್ಟಿಯಲ್ಲಿ ನಮಗೆ ಗುರುತಿರುವ ಎರಡು ಗಿಡಗಳಿವೆ. ಒಂದು, ಬೆಂಗಳೂರು, ಮೈಸೂರಿನ ಹಳೆಯ ಗಾರೆಗೋಡೆ, ಚರಂಡಿಯ ಬದಿಗಳಲ್ಲಿ ಬೆಳೆಯುವ ಪ್ಟೆರಿಸ್ ವಿಟ್ಟಾಟ; ಸುಣ್ಣದ ಅಂಶ ಅದಕ್ಕೆ ಹಿತ. ಇನ್ನೊಂದು, ಮಲೆನಾಡಿನ ಮಕ್ಕಳು ಶಾಲೆಯ ದಾರಿಯಲ್ಲಿ ಕಿತ್ತು ಕೈಮೇಲೆ ಒತ್ತಿಕೊಂಡು ಬಿಳಿ ಅಚ್ಚು ಮೂಡಿಸುವ ಬೆಳ್ಳಿಜರಿ, ಪಿಟಿರೊಗ್ರಾಮ. ಆ ಬಿಳಿಪುಡಿಯನ್ನು ಬೀಜಾಣುವೆಂದು ತಿಳಿಯುವುದುಂಟು. ಅದು ಎಲೆ ಒಸರುವ ಮೇಣದಂಥ ಪುಡಿ, ಬೀಜಾಣುಗಳು ಅದರ ನಡುವಿನ ಕಪ್ಪು ಕಣಗಳು. ಬೆಳ್ಳಿಜರಿಯ ಮೂಲ ಅಮೆರಿಕದ ಉಷ್ಣವಲಯವಾದರೂ ಪಶ್ಚಿಮಘಟ್ಟದಲ್ಲಿ ಈಗ ಊರವರಷ್ಟೇ ಹಳಬನಂತೆ ನೆಲೆನಿಂತಿದೆ.

ಕ್ರಕಟೋವಕ್ಕಿಂತ ಬಹು ದೊಡ್ಡ ಪ್ರಮಾಣದಲ್ಲಿ ಹೀಗೇ ಆದದ್ದು 6.6 ಕೋಟಿ ವರ್ಷದ ಹಿಂದೆ. ಡೈನೊಸಾರ್‌ಗಳ ಅಳಿವಿಗೆ ಕಾರಣವಾದ ಕ್ಷುದ್ರಗ್ರಹದ ಹೊಡೆತದ ಪದರದ ಮೇಲೆ, ಉತ್ತರ ಅಮೆರಿಕದ ಹಲವೆಡೆ, ಹೂಗಿಡಗಳ ಪರಾಗ ಒಮ್ಮೆಗೇ ಕಡಿಮೆಯಾಗಿ ಬರೀ ಜರೀಗಿಡದ ಬೀಜಾಣುಗಳೇ ತುಂಬಿದ ತೆಳುಪದರ ಸಿಗುತ್ತದೆ. ಸುಟ್ಟ ನೆಲಕ್ಕೆ ಮೊದಲು ಬಂದವರು ಅವೇ. ಬೀಜಾಣುವಿನ ಗೋಡೆಯ ಗಟ್ಟಿತನದಿಂದಾಗಿಯೇ ಇಷ್ಟು ದೂರದ ಲೆಕ್ಕ ನಮಗೆ ಓದಲು ಸಿಗುತ್ತದೆ. ನೆಲಸಸ್ಯಗಳ ಅತಿ ಹಳೆಯ ಗುರುತುಗಳೂ ಸುಮಾರು 47 ಕೋಟಿ ವರ್ಷದ ಹಿಂದಿನ ಬೀಜಾಣುಗಳೇ.

ಘಟ್ಟದಲ್ಲಿ, ಬಯಲಿನಲ್ಲಿ, ಕುಂಡದಲ್ಲಿ

ಪಶ್ಚಿಮಘಟ್ಟದ ಹವೆ ಈ ಎರಡು ಪ್ರಯಾಣಗಳಿಗೂ ಹೇಳಿ ಮಾಡಿಸಿದಂತಿದೆ. ಜೂನ್‌ನಿಂದ ಸುರಿಯುವ ಮಳೆಯಲ್ಲಿ ಧರೆ, ಜಂಬಿಟ್ಟಿಗೆ ಗೋಡೆ, ಅಡಿಕೆಮರದ ಕಾಂಡ ಎಲ್ಲವೂ ತಿಂಗಳುಗಟ್ಟಲೆ ಒದ್ದೆ; ಮಳೆ ಹಿಂದೆ ಸರಿದ ಮೇಲೆ ಬೀಜಾಣು ಹಾರಿಸಲು ಒಣಗಾಳಿ. ಮಾವು, ಹಲಸಿನ ಕೊಂಬೆಗಳ ಮೇಲೆ ಒಣಗಿದ ಕಂದು ಎಲೆಗಳ ಗೂಡು ಕಟ್ಟಿ ಕಸ ಹಿಡಿದಿಡುವ ಡ್ರೈನೇರಿಯ, ಹೊಳೆಬದಿಯ ಮರಜರಿಗಳು, ಎಲ್ಲವೂ ಈ ಲಯಕ್ಕೆ ಒಗ್ಗಿದವು. ದಕ್ಷಿಣ ಭಾರತದ ಜರೀಗಿಡಗಳನ್ನು ಮೊದಲು ಚಿತ್ರಸಹಿತ ದಾಖಲಿಸಿದ್ದು ಮದ್ರಾಸ್ ಅರಣ್ಯ ಇಲಾಖೆಯಲ್ಲಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್, 1860ರ ದಶಕದಲ್ಲಿ. ಕೊಡಗಿನವರು ಮಳೆಗಾಲದಲ್ಲಿ ತೆರ್ಮೆ ತೊಪ್ಪು ಎಂದು ಸುರುಳಿ ಬಿಚ್ಚದ ಎಳೆಗರಿಗಳನ್ನು ಕೊಯ್ದು ಪಲ್ಯ ಮಾಡುತ್ತಾರೆ. ಕೊಯ್ದ ಗರಿಯ ಬೀಜಾಣುಗಳು ಹೋದಂತೆಯೇ. ಗಿಡ ಉಳಿಯುವುದು ನೆಲದೊಳಗಿನ ಗೆಡ್ಡೆಯಂಥ ಕಾಂಡದಿಂದ.

ಬಯಲುಸೀಮೆಯ ಬಂಡೆಸಂದಿಯಲ್ಲಿ ಬೆಳೆಯುವ ಮಯೂರಶಿಖೆ ಎಂಬ ಜರೀಗಿಡ ಇನ್ನೊಂದು ಮಾದರಿ. ಬೇಸಗೆಯಲ್ಲಿ ಬೀಸಣಿಗೆಯಂಥ ಎಲೆಗಳನ್ನು ಮುದುರಿಕೊಂಡು ಸತ್ತಂತೆ ಒಣಗಿ, ಮೊದಲ ಮಳೆಗೆ ಮತ್ತೆ ಹಸಿರಾಗುತ್ತದೆ.

ಮನೆಯಲ್ಲಿ ಬೀಜಾಣುವಿನಿಂದ ಜರೀಗಿಡ ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಸೋರಸ್‌ಗಳು ಹಸಿರಿನಿಂದ ಕಂದಿಗೆ ತಿರುಗಿ ಇನ್ನೂ ಹೊಳಪಿರುವಾಗ ಎಲೆ ಕತ್ತರಿಸಿ, ಬಿಳಿ ಕಾಗದದ ಮೇಲೆ ಮಗುಚಿ, ಗಾಳಿ ತಾಗದಂತೆ ಒಂದೆರಡು ದಿನ ಇಟ್ಟರೆ ಎಲೆಯ ಆಕಾರದಲ್ಲೇ ಪುಡಿ ಉದುರಿರುತ್ತದೆ. ಕಾಗದವನ್ನು ಓರೆ ಮಾಡಿ ತಟ್ಟಿದಾಗ ಬೇಗ ಜಾರಿಹೋಗುವುದು ಕೋಶಗಳ ಸಿಪ್ಪೆ. ಅಂಟಿ ಉಳಿಯುವ ನಯವಾದ ಪುಡಿಯೇ ಬೀಜಾಣು. ಕುದಿನೀರು ಹೊಯ್ದು ಆರಿಸಿದ ಎಲೆಗೊಬ್ಬರದ ಮೇಲೆ ಅದನ್ನು ತೆಳ್ಳಗೆ ಉದುರಿಸಿ ಗಾಜು ಮುಚ್ಚಿ ನೆರಳಲ್ಲಿಟ್ಟರೆ ಕೆಲವು ವಾರಗಳಲ್ಲಿ ಹಸಿರು ಪದರ ಕಾಣುತ್ತದೆ, ಎರಡು ಮೂರು ತಿಂಗಳಿಗೆ ಹೃದಯದಾಕಾರದ ಹಾಳೆಗಳು. ಹೆಚ್ಚಿನವರು ಸೋಲುವುದು ಇಲ್ಲೇ: ಮೇಲಿಂದ ನೀರು ಸಿಂಪಡಿಸದೆ ಕುಂಡದ ತಳದಿಂದಷ್ಟೇ ಕೊಟ್ಟರೆ ಹಾಳೆಗಳು ಚೆನ್ನಾಗಿ ಬೆಳೆಯುತ್ತವೆ, ಆದರೆ ವೀರ್ಯಾಣುವಿಗೆ ಈಜಲು ದಾರಿ ಸಿಗದೆ ಗಿಡ ಮಾತ್ರ ಬರುವುದಿಲ್ಲ. ಬೀಜಾಣು ಕಂದುಬಣ್ಣದ್ದಾದರೆ ಕಾಗದದ ಪೊಟ್ಟಣದಲ್ಲಿ ವರ್ಷ ಎರಡು ವರ್ಷ ಉಳಿಯುತ್ತದೆ. ಹಸಿರು ಬೀಜಾಣುವಿನ ಜಾತಿಗಳನ್ನು ಉದುರಿದ ಕೆಲವೇ ವಾರಗಳಲ್ಲಿ ಬಿತ್ತಬೇಕು.